ಚಹಾಕ್ಕೆ ನಿಲ್ಲುವ ಗಾಡಿ

೧೯೯೭ನೇ ಇಸವಿ. ಹೈನುಗಾರರ ಒಂದು ಸಹಕಾರ ಸಂಘ ಹುಮನಾಬಾದಿನಲ್ಲಿ ನಡೆಸುತ್ತಿದ್ದ ಸಂಚಾರಿ ಪಶುಚಿಕಿತ್ಸಾ ಘಟಕಕ್ಕೆ ನಾನು ವೈದ್ಯೆ. ಸಂಘದ ಹೆಸರು ಬೇಡ. ಈಗ ಆ ಸಂಘವೂ ಇಲ್ಲ, ಅದರ ಬೋರ್ಡೂ ಇಲ್ಲ. ಘಟಕ ಎಂಬ ದೊಡ್ಡ ಶಬ್ದದೊಳಗೆ ಇದ್ದದ್ದು ನಾನು, ಔಷಧದ ಪೆಟ್ಟಿಗೆ, ಒಂದು ಹಳೆಯ ಡೀಸೆಲ್ ವ್ಯಾನ್ ಮತ್ತು ಅದನ್ನು ಓಡಿಸುವ ಝರಣಪ್ಪ, ಇಷ್ಟೇ. ಹಳ್ಳಿಖೇಡದಿಂದ ಬೇಮಳಖೇಡದವರೆಗೆ, ಈ ಕಡೆ ಬಸವಕಲ್ಯಾಣದಾಚೆಗೆ, ಎಲ್ಲಿ ಎಮ್ಮೆ ಮಲಗಿದರೂ ನಮಗೆ ಕರೆ ಬರುತ್ತಿತ್ತು. ಮೊದಮೊದಲು ಹೆಣ್ಣು ಡಾಕ್ಟರು ಬಂದಿದ್ದಾಳೆಂದು ಬಸುರಿಯರು ಸಾಲಾಗಿ ವ್ಯಾನಿನ ಮುಂದೆ ಬಂದು ನಿಲ್ಲುತ್ತಿದ್ದರು. "ನಾ ನಿಮ್ಮ ಡಾಕ್ಟರಲ್ಲವ್ವಾ, ನಿಮ್ಮ ಎಮ್ಮೀ ಡಾಕ್ಟರು" ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು.

ಝರಣಪ್ಪನಿಗೆ ಆಗ ಐವತ್ತರ ಹತ್ತಿರ. ವ್ಯಾನ್ ಸಂಘಕ್ಕೆ ಬಂದ ದಿನವೇ ಅವನೂ ಬಂದವನು. ನೌಕರಿ ಕಾಯಂ ಅಲ್ಲ. "ಗಾಡಿ ಇರೂತನಕ ನೀ ಇರು" ಎಂದು ಬಾಯಿಮಾತಿನಲ್ಲಿ ಇಟ್ಟುಕೊಂಡದ್ದು. ಹೀಗಾಗಿ ಗಾಡಿಗೆ ಕೆಮ್ಮು ಬಂದರೆ ಇವನಿಗೆ ಜ್ವರ. ಬೆಳಿಗ್ಗೆ ಎದ್ದು ಅದಕ್ಕೆ ಸ್ನಾನ ಮಾಡಿಸಿ, ಕುಂಕುಮ ಹಚ್ಚಿ, ಆಮೇಲೆ ತಾನು ಮುಖ ತೊಳೆಯುತ್ತಿದ್ದ. ಅವನಿಗಿದ್ದ ಚಟ ಒಂದೇ, ಚಹಾ. ಸಕ್ಕರೆ ಜಾಸ್ತಿ ಹಾಕಿದ, ಬಶಿಯಲ್ಲಿ ಸುರಿದುಕೊಂಡು ಸುರ್ರೆಂದು ಎಳೆಯುವ ಚಹಾ. ಅದು ಮುಂದೆ ಅವನ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ಸಂಘದ ಕಚೇರಿಯನ್ನು ನೋಡಿಕೊಳ್ಳುತ್ತಿದ್ದವರು ವೈಜಿನಾಥಪ್ಪನವರು. ತಹಸೀಲು ಕಚೇರಿಯಲ್ಲಿ ಶಿರಸ್ತೇದಾರರಾಗಿ, ಅಂದರೆ ಗುಮಾಸ್ತರಿಗೆಲ್ಲ ಹಿರಿಯರಾಗಿ, ನಿವೃತ್ತರಾದವರು. ನಿವೃತ್ತರಾದದ್ದು ಸರಕಾರಕ್ಕೆ ಗೊತ್ತಿತ್ತು, ಅವರಿಗಿನ್ನೂ ಗೊತ್ತಿರಲಿಲ್ಲ. ಊರವರೂ ಶಿರಸ್ತೇದಾರ ಸಾಹೇಬರೆಂದೇ ಕರೆಯುತ್ತಿದ್ದರು. ಹಣೆತುಂಬ ವಿಭೂತಿ, ಇಸ್ತ್ರಿ ಮುರಿಯದ ಧೋತರ, ಪ್ರಾಮಾಣಿಕತೆಯಲ್ಲಿ ಚೊಕ್ಕ ಬಂಗಾರ. ಆದರೆ ತಮ್ಮೊಬ್ಬರನ್ನು ಬಿಟ್ಟು ಇಡೀ ಬೀದರ್ ಜಿಲ್ಲೆಯ ಮೇಲೆ ಅವರಿಗೆ ಶಕ್, ಗುಮಾನಿ. ಚುನಾವಣೆ ಬಂದಾಗಲೆಲ್ಲ ಮತಪೆಟ್ಟಿಗೆಗಳಿಗೆ ಅರಗಿನ ಸೀಲ್ ಹಾಕುವ ಕೆಲಸ ತಮ್ಮದೇ ಆಗಿತ್ತೆಂದು ಹೇಳಿಕೊಳ್ಳುವಾಗ ಅವರ ಎದೆ ಉಬ್ಬುತ್ತಿತ್ತು. "ನಾ ಸೀಲ್ ಹಾಕಿದ ಪೆಟ್ಟಿಗ್ಯಾಗ ಗಾಳೀನೂ ಹೋಗೂದಿಲ್ಲ ನೋಡ್ರಿ ಡಾಕ್ಟರ್ ಬಾಯಿ" ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವ ರೂಢಿ.

ಆ ವರ್ಷ ಬೇಸಿಗೆಯ ಹೊತ್ತಿಗೆ ಬೇರೆ ಯಾವುದೋ ಊರಿನ ಹಾಲಿನ ಟ್ರಕ್ಕಿನ ಡ್ರೈವರ್ ಡೀಸೆಲ್ ಕದ್ದು ಮಾರಿ ಸಿಕ್ಕಿಬಿದ್ದನೆಂಬ ಸುದ್ದಿ ಬಂತು. ನಮ್ಮ ವ್ಯಾನಿಗೆ ಅದಕ್ಕೂ ಏನು ಸಂಬಂಧ? ಸಂಬಂಧ ಇಲ್ಲ. ಆದರೂ ಮರುದಿನ ಶಿರಸ್ತೇದಾರರು ಬಿಳಿ ಬಟ್ಟೆಯ ಪಟ್ಟಿ, ಸುತಳಿ, ಮೇಣಬತ್ತಿ, ಅರಗು, ಹಿತ್ತಾಳೆಯ ಮುದ್ರೆ ಹಿಡಿದು ಅಂಗಳಕ್ಕೆ ಬಂದರು. ವ್ಯಾನಿನ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಸುತಳಿ ಬಿಗಿದು, ಮೇಲೆ ಕರಗಿದ ಅರಗನ್ನು ಧಾರಾಳವಾಗಿ ಸುರಿದು, ಮುದ್ರೆ ಒತ್ತಿದರು. ಥೇಟ್ ಮತಪೆಟ್ಟಿಗೆ. ಅದೇ ಬೆಳಿಗ್ಗೆ ಈ ಕಾರ್ಯಕ್ರಮವನ್ನು ಮೊದಲು ಡೀಸೆಲ್ ಬಂಕಿನಲ್ಲಿಯೇ ಮಾಡಲು ಹೋಗಿದ್ದರು; ಉರಿಯುವ ಮೇಣಬತ್ತಿ ಕಂಡ ಬಂಕಿನವನು ಕಾಲಿಗೆ ಬಿದ್ದು ಹೊರಗೆ ಕಳಿಸಿದನಂತೆ.

ನಿಯಮ ಸ್ಪಷ್ಟವಾಗಿತ್ತು. ಡೀಸೆಲ್ ತುಂಬಿಸುವಾಗ ಸೀಲ್ ಒಡೆಯುವವರೂ ಅವರೇ, ತುಂಬಿಸಿ ತಂದ ಮೇಲೆ ಹಾಕುವವರೂ ಅವರೇ. ಗಾಡಿ ಗ್ಯಾರೇಜಿಗೆ ಹೋಗುವುದಾದರೂ ಅಷ್ಟೇ. ಮೊದಲು ಸೀಲ್ ಒಡೆದು, ಕಡ್ಡಿ ಇಳಿಸಿ ಡೀಸೆಲ್ ಎಷ್ಟಿದೆ ನೋಡಿ ಕಳಿಸಬೇಕು, ವಾಪಸು ಬಂದ ಮೇಲೆ ಮತ್ತೆ ನೋಡಿ ಸೀಲ್ ಹಾಕಬೇಕು. ಝರಣಪ್ಪ ಅಂಗಳದ ಮೂಲೆಯಲ್ಲಿ ನಿಂತು ಇದನ್ನೆಲ್ಲ ನೋಡಿದ. "ಮನಿಶಾನ ಬಾಯಿಗಿ ಬಟ್ಟಿ ಕಟ್ಟಿದಂಗ ಆತ್ರಿ ಬಾಯೋರೆ" ಎಂದು ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡ. ಅದು ಅವನಿಗಾದ ಅವಮಾನದ ಮಾತು. ಗಾಡಿಯ ಮಟ್ಟಿಗೂ ಅದು ಅಕ್ಷರಶಃ ನಿಜವೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅದೇ ವಾರ ವ್ಯಾನಿನ ಕ್ಲಚ್ ಬದಲಾಯಿಸಿಕೊಂಡು ಬಂದಿದ್ದೆವು. ಅದಾದ ಮೇಲೆ ಮೊದಲ ದೂರದ ಪ್ರಯಾಣ ಬಸವಕಲ್ಯಾಣದ ಕಡೆ. ಹೆದ್ದಾರಿಯಲ್ಲಿ ರಾಜೇಶ್ವರ ದಾಟುವಷ್ಟರಲ್ಲಿ ವ್ಯಾನ್ ಒಂದೆರಡು ಸಲ ಜಗ್ಗಿತು, ಉಸಿರು ಕಟ್ಟಿದಂತೆ ನರಳಿತು, ಆರಿಹೋಯಿತು. ಸರಿಯಾಗಿ ಶಂಕ್ರೆಪ್ಪನ ಚಹಾದ ಹೊಟೇಲಿನ ಮುಂದೆ. ಝರಣಪ್ಪ ಬಾನೆಟ್ ಎತ್ತಿದ, ಅಲ್ಲಿ ಇಲ್ಲಿ ತಟ್ಟಿದ, ಏನೂ ಆಗಲಿಲ್ಲ. ಬೇರೆ ಉಪಾಯವಿಲ್ಲದೆ ಇಬ್ಬರೂ ಚಹಾ ಕುಡಿದೆವು. ಕುಡಿದು ಬಂದು ಕೀಲಿ ತಿರುವಿದರೆ, ಅಗದಿ ಏನೂ ಆಗಿಲ್ಲವೆಂಬಂತೆ ಗಾಡಿ ಚಾಲೂ ಆಯಿತು.

ಒಂದು ಸಲವಾದರೆ ಆಕಸ್ಮಿಕ. ಅದೇ ಚಾಳಿಯಾಯಿತು. ಕಲ್ಯಾಣದ ಕಡೆ ಹೊರಟರೆ ಶಂಕ್ರೆಪ್ಪನ ಹೊಟೇಲಿನ ಆಸುಪಾಸು ನಿಲ್ಲುವುದು, ಒಂದು ಚಹಾದ ಹೊತ್ತು ಬಿಟ್ಟರೆ ಮತ್ತೆ ಹೊರಡುವುದು, ಮುಂದೆ ಮತ್ತೆಲ್ಲೋ ನಿಲ್ಲುವುದು. ಹತ್ತಿರದ ಊರುಗಳಿಗೆ ಹೋದರೆ ಚಕಾರವಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಟ್ಯಾಂಕು ತುಂಬಿದ ದಿನ ಬೇಗ ನಿಲ್ಲುತ್ತಿತ್ತು, ಡೀಸೆಲ್ ತಳ ಕಂಡ ದಿನ ದೂರ ಓಡುತ್ತಿತ್ತು. ಹೊಟ್ಟೆ ತುಂಬಿದಾಗ ನಡೆಯದ, ಉಪವಾಸವಿದ್ದಾಗ ಓಡುವ ದನವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿರಲಿಲ್ಲ. "ಇದಕ್ಕ ಅಜೀರ್ಣ ಆಗ್ಯಾದ" ಎಂದು ನಕ್ಕೆ. ಝರಣಪ್ಪ ನಗಲಿಲ್ಲ.

ನಗುವ ಪರಿಸ್ಥಿತಿಯಲ್ಲಿ ಅವನಿರಲಿಲ್ಲ. ಡ್ರೈವರನಿಗೆ ಚಹಾದ ಚಟ, ಗಾಡಿ ನಿಲ್ಲುವುದು ಚಹಾದ ಹೊಟೇಲಿನ ಮುಂದೆ, ಚಹಾ ಕುಡಿದ ಮೇಲೆ ಗಾಡಿ ಚಾಲೂ. ಲೆಕ್ಕ ಹಾಕಲು ಊರವರಿಗೆ ಇಷ್ಟು ಸಾಕು. ಹಳ್ಳಿಯಲ್ಲಿ ಮಕ್ಕಳು ವ್ಯಾನ್ ಕಂಡೊಡನೆ "ಚಾ ಗಾಡಿ ಬಂತು, ಚಾ ಗಾಡಿ ಬಂತು" ಎಂದು ಹಿಂದೆ ಓಡುತ್ತಿದ್ದರು. ಶಂಕ್ರೆಪ್ಪನಂತೂ ನಮ್ಮ ವ್ಯಾನ್ ದೂರದಲ್ಲಿ ಕಂಡರೆ ಸಾಕು, ಒಲೆಯ ಮೇಲೆ ಹಾಲು ಏರಿಸಿಬಿಡುತ್ತಿದ್ದ. ಅವನ ನಂಬಿಕೆ ಸುಳ್ಳಾಗುತ್ತಿದ್ದದ್ದು ಅಪರೂಪ.

ಸರಿ, ಗ್ಯಾರೇಜು. ಹುಮನಾಬಾದಿನ ಉಸ್ತಾದ್ ನಮ್ಮ ಗಾಡಿಯ ಹಳೆಯ ವೈದ್ಯ. ಅವನು ಡೀಸೆಲ್ ಫಿಲ್ಟರ್ ಬದಲಾಯಿಸಿದ, ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪು ಊದಿದ, ರಾಜೇಶ್ವರದವರೆಗೆ ತಾನೇ ಓಡಿಸಿಕೊಂಡು ಹೋಗಿ ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ. "ಮಖ್ಖನ್, ಬೆಣ್ಣೀ ಇದ್ದಂಗ ಅದರಿ ಗಾಡಿ" ಎಂದು ಕೈ ಒರೆಸಿಕೊಂಡ. ವ್ಯಾನ್ ಕಚೇರಿಗೆ ಬಂತು, ಶಿರಸ್ತೇದಾರರು ಕಡ್ಡಿ ಇಳಿಸಿ ನೋಡಿ ಸೀಲ್ ಹಾಕಿದರು, ನಾವು ಹೊರಟೆವು, ಶಂಕ್ರೆಪ್ಪ ಹಾಲು ಏರಿಸಿದ.

ಆಮೇಲೆ ಬಸವಕಲ್ಯಾಣದ ಮಿಸ್ತ್ರಿ. ಅವನು ಬಾನೆಟ್ ಎತ್ತಿದವನೇ ಮೂಗು ಮುರಿದು, "ಯಾಂವ ಕೈ ಹಚ್ಯಾನ್ರಿ ಇದಕ್ಕ?" ಎಂದ. ಮೆಕ್ಯಾನಿಕ್ಕುಗಳ ಕುಲಕ್ಕೆಲ್ಲ ಈ ಪ್ರಶ್ನೆ ಒಂದೇ. ನಮ್ಮ ವೈದ್ಯರಲ್ಲೂ ಇದೆ, ಸ್ವಲ್ಪ ಮೆಲ್ಲಗೆ ಕೇಳುತ್ತೇವೆ ಅಷ್ಟೆ. ಅವನು ಡೀಸೆಲ್ ಎಳೆಯುವ ಪಂಪನ್ನು ಬಿಚ್ಚಿ ಜೋಡಿಸಿದ. ಗಾಡಿಯ ಕೆಳಗೆ ತೂರಿ, "ಟ್ಯಾಂಕು ಒಳಗ ತಗ್ಗಾಗ್ಯಾದ. ಕಲ್ಲಿಗಿ ಬಡದೀರಿ" ಎಂದು ಝರಣಪ್ಪನನ್ನು ಗದರಿಸಿದ. ತನ್ನ ಗಾಡಿಯನ್ನು ಕಲ್ಲಿಗೆ ತಾಗಿಸುವುದಿರಲಿ, ಹಸುವಿನ ಸಗಣಿಗೂ ತಾಗಿಸದ ಝರಣಪ್ಪ ಬಾಯಿ ತೆರೆದು ನಿಂತ. ಮಿಸ್ತ್ರಿಯ ಕೈಯಲ್ಲೂ ವ್ಯಾನ್ ಊರೆಲ್ಲ ಸುತ್ತಿ ಬಂತು, ನಿಲ್ಲಲಿಲ್ಲ. ಕಚೇರಿಗೆ ಬಂತು, ಸೀಲ್ ಹಾಕಿಸಿಕೊಂಡಿತು, ನಿಂತಿತು.

ನನ್ನ ಸಿಟ್ಟು ನೆತ್ತಿಗೇರಿತ್ತು. ಉಸ್ತಾದನನ್ನು ಹಿಡಿದು, "ನೀವೇ ನಮ್ಮ ಜೋಡಿ ಬರ್ರಿ, ನಿಂತಾಗ ಕಣ್ಣಾರೆ ನೋಡ್ರಿ" ಎಂದು ಒಂದು ದಿನ ಹತ್ತಿಸಿಕೊಂಡೆ. ಹೊರಡುವಾಗ ಶಿರಸ್ತೇದಾರರು ಓಡಿ ಬಂದರು. "ಉಸ್ತಾದ್ ಗಾಡ್ಯಾಗ ಕೂತಾನಂದ್ರ ಇದು ರಿಪೇರಿ. ರಿಪೇರಿ ಅಂದ್ರ ಸೀಲ್ ಒಡೀಬೇಕು. ಕಾಯ್ದಾ ಕಾಯ್ದಾನೇ" ಎಂದು ಸೀಲ್ ಒಡೆದೇ ಕಳಿಸಿದರು. ಆ ದಿನ ವ್ಯಾನ್ ಕಲ್ಯಾಣ ಮುಟ್ಟಿ, ಅಲ್ಲಿಂದ ಮುಂದೆ ಹೋಗಿ, ವಾಪಸು ಬಂತು, ಒಮ್ಮೆಯೂ ಕೆಮ್ಮಲಿಲ್ಲ. ಉಸ್ತಾದ್ ಇಳಿಯುವಾಗ ಝರಣಪ್ಪನ ಹೆಗಲ ಮೇಲೆ ಕೈಯಿಟ್ಟು ಬಹಳ ಮರುಕದಿಂದ, "ಚಾ ಜರಾ ಕಮ್ಮಿ ಮಾಡೋ ಭಾಯಿ" ಎಂದ.

ಝರಣಪ್ಪನಿಗೆ ಆ ಮಾತು ಚುಚ್ಚಿತು. ಮರುದಿನ ಚಹಾ ಬಿಟ್ಟ. "ಈ ಗಾಡಿ ರೋಗ ಸಿಗೂತನಕ ಒಂದು ಹನಿ ಮುಟ್ಟಂಗಿಲ್ಲ ಬಾಯೋರೆ. ಆಮ್ಯಾಲ ನೋಡ್ತೀನಿ ಯಾರು ಏನಂತಾರ" ಎಂದು ವ್ಯಾನಿನ ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದ. ಗಾಡಿಗೆ ಅವನ ಆಣೆಯ ಪರಿವೆ ಎಲ್ಲಿಯದು? ಅದೇ ಜಾಗದಲ್ಲಿ ನಿಂತಿತು. ನಾನು ಹೊಟೇಲಿನ ನೆರಳಲ್ಲಿ ಕೂತು ಕುಡಿಯುತ್ತಿದ್ದೆ, ಅವನು ಉರಿಬಿಸಿಲಲ್ಲಿ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದ, ಶಂಕ್ರೆಪ್ಪ ತುಂಬಿದ ಬಶಿ ಹಿಡಿದು ಕಿಟಕಿಯ ಹತ್ತಿರ ಹೋಗಿ ಹೋಗಿ ವಾಪಸು ಬರುತ್ತಿದ್ದ. ಚಹಾ ಸಿಗದೆ ಝರಣಪ್ಪನಿಗೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುತ್ತಿತ್ತು. ನನ್ನ ಪೆಟ್ಟಿಗೆಯಲ್ಲಿದ್ದದ್ದು ದನದ ಗುಳಿಗೆ, ಅದನ್ನು ಕೊಡುವಂತಿರಲಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷರ ಮಾತು ಬಂತು. ಗಾಡಿಯನ್ನು ಗುಜರಿಗೆ ಹಾಕಿ, ಬೇಕಾದಾಗ ಬಾಡಿಗೆ ಜೀಪು ತರಿಸಿದರಾಯಿತು. ಮುಂದಿನ ಸಭೆಯಲ್ಲಿ ತೀರ್ಮಾನ. ಗಾಡಿ ಇರುವತನಕ ಝರಣಪ್ಪ ಎಂದಿದ್ದರಲ್ಲ, ಗಾಡಿ ಹೋದರೆ ಅವನೂ ಹೋದಂತೆ. ಅದೂ ಹೋಗುವುದು ಹೇಗೆ? ಚಹಾಕ್ಕಾಗಿ ಗಾಡಿ ಕೆಡಿಸಿದವನೆಂಬ ಹೆಸರು ಹೊತ್ತು. ಆ ಹೆಸರಿನವನಿಗೆ ಈ ತಾಲ್ಲೂಕಿನಲ್ಲಿ ಯಾರು ಇನ್ನೊಂದು ಸ್ಟೇರಿಂಗ್ ಕೊಡುತ್ತಾರೆ? "ನೌಕರಿ ಹ್ವಾದ್ರ ಹೋಗಲಿರಿ, ಇಜ್ಜತ್ ಹೋತದಲ್ಲ" ಎಂದ ಝರಣಪ್ಪ. ಅಂಥ ಮನುಷ್ಯನ ಮೇಲೆ ಇಂಥ ಮಾತು ಬರಬಾರದಿತ್ತು.

ಶಿರಸ್ತೇದಾರರು ಸಭೆಗೆ ಮುಂಚೆ ಕಳ್ಳನನ್ನು ಕೈಯಾರೆ ಹಿಡಿಯಬೇಕೆಂದು ನಿಶ್ಚಯಿಸಿದರು. ಝರಣಪ್ಪ ಹೊಟೇಲಿನ ಹತ್ತಿರ ಗಾಡಿ ನಿಲ್ಲಿಸಿ, ಕೆಳಗಿನಿಂದ ಹೇಗೋ ಡೀಸೆಲ್ ಬಸಿದು ಮಾರುತ್ತಾನೆ ಎಂಬುದು ಅವರ ಸಿದ್ಧಾಂತ. ಒಂದು ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಕೈಚೀಲದಲ್ಲಿ ಅರಗು, ಮೇಣಬತ್ತಿ, ಮುದ್ರೆ, ಅಳತೆಯ ಕಡ್ಡಿ ಎಲ್ಲ ತುಂಬಿಕೊಂಡು ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ಟ್ಯಾಂಕು ಆವತ್ತೇ ತುಂಬಿತ್ತು. ಸೀಲ್ ಹೊಸದಾಗಿ ಥಳಥಳ ಹೊಳೆಯುತ್ತಿತ್ತು. ಗೋರ್ಟಾದ ದಾರಿಯ ಒಂದು ಹೊಲದ ಮನೆಯಿಂದ ಕರೆ ಬಂದಿತ್ತು. ಕಾಶಮ್ಮ ಎಂಬಾಕೆಯ ಎಮ್ಮೆ ಹಿಂದಿನ ದಿನ ಈದು, ಈಗ ಎದ್ದು ನಿಲ್ಲಲಾರದೆ ಕುತ್ತಿಗೆ ಹೊರಳಿಸಿ ಮಲಗಿದೆ. ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಹಾಲು ಜ್ವರ. ಹೆಸರಿಗೆ ಜ್ವರ, ಆದರೆ ಮೈ ತಣ್ಣಗಾಗುವ ರೋಗ. ಈದ ಮೇಲೆ ಹಾಲಿನ ಜೊತೆ ರಕ್ತದ ಕ್ಯಾಲ್ಸಿಯಂ ಎಲ್ಲ ಕೆಚ್ಚಲಿಗೆ ಇಳಿದುಬಿಡುತ್ತದೆ. ಬೇಗ ಹೋಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಎಮ್ಮೆ ಎದ್ದು ನಿಲ್ಲುತ್ತದೆ, ತಡವಾದರೆ ಇಲ್ಲ.

ರಾಜೇಶ್ವರ ಬಂತು. ವ್ಯಾನ್ ಜಗ್ಗಿತು, ನರಳಿತು, ನಿಂತಿತು. ಶಂಕ್ರೆಪ್ಪ ಒಳಗಿನಿಂದ, "ಮೂರು ಚಾ ಇಡಲೇನ್ರಿ?" ಎಂದು ಕೂಗಿದ. ಝರಣಪ್ಪ ಎರಡೂ ಕೈಯಿಂದ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಎದುರಿನ ರಸ್ತೆ ನೋಡುತ್ತ ಕೂತ. "ನಾ ಏನೂ ಮುಟ್ಟಿಲ್ಲರಿ ಸಾಹೇಬ್ರ. ನೋಡ್ರಿ, ನನ್ನ ಕೈ ಇಲ್ಲೇ ಅವ" ಎಂದ.

"ಇಳೀಬ್ಯಾಡ ಝರಣ್ಯಾ. ಅಲ್ಲೇ ಕೂಡು" ಎಂದು ಶಿರಸ್ತೇದಾರರು ಕಡ್ಡಿ ಹಿಡಿದು ಟ್ಯಾಂಕಿನ ಹತ್ತಿರ ಹೋದರು. ಸುತಳಿ ಕತ್ತರಿಸಿ, ಅರಗು ಒಡೆದು, ಮುಚ್ಚಳ ತಿರುವಿದರು. ಒಳಗಿನಿಂದ ಸುಸ್ಸ್ಸ್ ಎಂದು ದೊಡ್ಡ ಸದ್ದು ಬಂತು. ಸಾಹೇಬರು ಧೋತರ ಎತ್ತಿಕೊಂಡು ಎರಡು ಮಾರು ಹಿಂದೆ ಹಾರಿ, "ಹಾವು! ಹಾವು ಅದ ಒಳಗ!" ಎಂದು ಕೂಗಿದರು. ಹೊಟೇಲಿನಲ್ಲಿದ್ದವರೆಲ್ಲ ಕೋಲು ಹಿಡಿದು ಓಡಿ ಬಂದರು. ಡೀಸೆಲ್ ಟ್ಯಾಂಕಿನಲ್ಲಿ ಯಾವ ಹಾವು ಬದುಕುತ್ತದೆ ಎಂದು ನಾನು ಕೂಗಿಕೊಂಡರೂ ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಕಡ್ಡಿ ಕಸಿದುಕೊಂಡು ಇಳಿಸಿ ತೋರಿಸಿದೆ. ಹಾವಿಲ್ಲ. ಡೀಸೆಲ್ಲೂ ಇರಬೇಕಾದಷ್ಟೇ ಇದೆ, ದಾರಿಗೆ ಖರ್ಚಾಗಬೇಕಾದಷ್ಟೇ ಖರ್ಚಾಗಿದೆ. ಸಾಹೇಬರ ಮುಖ ಬಾಡಿತು. ಕಳವು ಇಲ್ಲವೆಂಬುದಕ್ಕೆ ಅಷ್ಟು ಬೇಸರಪಟ್ಟ ಪ್ರಾಮಾಣಿಕರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

"ಝರಣಪ್ಪ, ಕೀಲಿ ತಿರುವು ನೋಡೂನು" ಎಂದೆ. ಮೊದಲ ತಿರುವಿಗೇ ಗಾಡಿ ಗುರ್ರೆಂದಿತು. ಚಹಾ ಇಲ್ಲ, ಕಾಯುವುದಿಲ್ಲ, ಏನಿಲ್ಲ. ಶಂಕ್ರೆಪ್ಪನ ಹಾಲು ಇನ್ನೂ ಉಕ್ಕಿರಲಿಲ್ಲ. ಅವನು ಮೋಸಹೋದವನಂತೆ ನಮ್ಮನ್ನು ನೋಡಿದ. ಸಾಹೇಬರು ಮಾತ್ರ ಗಾಡಿ ಹತ್ತಲೊಲ್ಲರು. ಸೀಲ್ ಹಾಕದೆ ಹೋಗುವುದು ಹೇಗೆ? ಮೇಣಬತ್ತಿ ಹಚ್ಚಲು ನಿಂತರು. ಹೆದ್ದಾರಿಯ ಗಾಳಿಗೆ ಬೆಂಕಿಕಡ್ಡಿ ಗೀರಿದ್ದೆಲ್ಲ ಆರುತ್ತಿತ್ತು. ಲಾರಿಯೊಂದು ಹೋದರೆ ಮುಗಿಯಿತು.

ಆಗ ನನ್ನ ತಾಳ್ಮೆ ಹರಿಯಿತು. "ಸಾಹೇಬ್ರ, ಅಲ್ಲಿ ಎಮ್ಮಿ ಸಾಯಾಕತ್ತದ! ನಿಮ್ಮ ಅರಗು ಹಿಡಕೊಂಡು ಇಲ್ಲೇ ನಿಂದ್ರತೀರೋ, ಗಾಡ್ಯಾಗ ಬರ್ತೀರೋ?" ಎಂದು ಕಿರುಚಿದೆ. ಶಿರಸ್ತೇದಾರರ ಮೇಲೆ ಯಾರಾದರೂ ದನಿ ಎತ್ತಿದ್ದು ಬಹುಶಃ ಅದೇ ಮೊದಲು. ಅವರು ಮುಚ್ಚಳವನ್ನು ಹಾಗೇ ತಿರುವಿ, ಅರಗಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಕಲ್ಯಾಣ ದಾಟಿದೆವು, ಗಾಡಿ ನಿಲ್ಲಲಿಲ್ಲ. ಹೊಲದ ಮನೆ ಮುಟ್ಟಿದೆವು, ನಿಲ್ಲಲಿಲ್ಲ. ಮೂವರೂ ಅದರ ಬಗ್ಗೆ ಮಾತೆತ್ತಲಿಲ್ಲ. ಎತ್ತಿದರೆ ನಿಂತೀತೆಂಬ ಹೆದರಿಕೆ ನನಗೆ.

ಕಾಶಮ್ಮ ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಕಿವಿ ಮುಟ್ಟಿದರೆ ತಣ್ಣಗೆ. ಕಣ್ಣು ಅರೆ ಮುಚ್ಚಿತ್ತು. "ಬಂದ್ರೇನವ್ವಾ, ನಮ್ಮ ಮನಿ ಲಕ್ಷ್ಮಿ ಹೊಂಟಾಳ ನೋಡ್ರಿ" ಎಂದಳು. "ಎಲ್ಲಿಗಿ ಹೋತಾಳ, ನಾ ಕಳಸಂಗಿಲ್ಲ, ಸುಮ್ಮನಿರು" ಎಂದು ಸೂಜಿ ತೆಗೆದೆ. ಝರಣಪ್ಪ ಎಮ್ಮೆಯ ಕೊರಳು ಹಿಡಿದ. ಬಾಟಲಿಯನ್ನು ಎತ್ತರಕ್ಕೆ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಎತ್ತರದ ಆಳು ಶಿರಸ್ತೇದಾರರೇ. "ಹಿಡೀರಿ ಸಾಹೇಬ್ರ" ಎಂದು ಕೈಗೆ ಕೊಟ್ಟೆ. ಬಹಳ ಶಿಸ್ತಿನಿಂದ, ಧ್ವಜ ಹಿಡಿದವರಂತೆ ನೆಟ್ಟಗೆ ನಿಂತು ಹಿಡಿದರು.

ನಾನು ಎಮ್ಮೆಯ ಎದೆಬಡಿತ ಕೇಳುತ್ತ ಕೂತೆ, ಯಾಕೆಂದರೆ ಕ್ಯಾಲ್ಸಿಯಂ ಜೋರಾಗಿ ಹೋದರೆ ಹೃದಯ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ನೋಡಿದರೆ ನಳಿಗೆಯಲ್ಲಿ ಹನಿ ಬೀಳುವುದೇ ನಿಂತಿದೆ. ನಾಳದೊಳಗಿನ ಸೂಜಿ ಸರಿಯಿದೆ, ನಳಿಗೆ ಮಡಚಿಲ್ಲ. ತಲೆಯೆತ್ತಿದೆ. ಬಾಟಲಿಯ ಬಾಯಿಯ ರಬ್ಬರಿಗೆ ನಾನು ಚುಚ್ಚಿದ್ದ ಇನ್ನೊಂದು ಸಣ್ಣ ಸೂಜಿ ಇರುತ್ತದೆ. ಅದರಿಂದ ಔಷಧ ಹೋಗುವುದಿಲ್ಲ, ಬಾಟಲಿಯೊಳಕ್ಕೆ ಗಾಳಿ ಬರುತ್ತದೆ, ಅಷ್ಟೇ ಅದರ ಕೆಲಸ. ಶಿರಸ್ತೇದಾರರು ಆ ಸೂಜಿಯ ತೆರೆದ ಬಾಯಿಯ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದಿದ್ದರು.

"ಬೆರಳು ತಗೀರಿ ಸಾಹೇಬ್ರ!"

"ಧೂಳ ಹೋತದ ಅಂತ ಮುಚ್ಚೀನಿ, ಡಾಕ್ಟರ್ ಬಾಯಿ" ಎಂದರು, ಪಾಪ, ಮೆಚ್ಚುಗೆಯನ್ನು ನಿರೀಕ್ಷಿಸಿ.

"ಗಾಳಿ ಒಳಗ ಹೋಗಲಿಲ್ಲಂದ್ರ ಔಷಧ ಹೊರಗ ಹ್ಯಾಂಗ ಬರ್ತದ? ತಗೀರಿ!"

ತೆಗೆದರು. ಬಾಟಲಿಯೊಳಗೆ ಗುಳುಗುಳು ಎಂದು ಗುಳ್ಳೆಗಳೆದ್ದು ಹನಿ ಮತ್ತೆ ಬೀಳತೊಡಗಿತು. ಸಾಹೇಬರು ಅದನ್ನೇ ದಿಟ್ಟಿಸಿದರು. ಬೆರಳನ್ನು ಮತ್ತೆ ಇಟ್ಟರು, ನಿಂತಿತು. ತೆಗೆದರು, ಗುಳುಗುಳು. ನಾನು ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದೆ. ಅವರ ಕಣ್ಣು ಬಾಟಲಿಯಿಂದ ನಿಧಾನವಾಗಿ ಹೊರಳಿ, ಬೇವಿನ ಮರದ ಕೆಳಗೆ ನಿಂತಿದ್ದ ವ್ಯಾನಿನ ಮೇಲೆ, ಅದರ ಟ್ಯಾಂಕಿನ ಮುಚ್ಚಳದ ಮೇಲೆ ನಿಂತಿತು. ನನಗೂ ಆ ಕ್ಷಣದಲ್ಲೇ ತಲೆಯಲ್ಲಿ ದೀಪ ಹತ್ತಿತು. ಝರಣಪ್ಪನ ಕೈ ಎಮ್ಮೆಯ ಕೊರಳ ಮೇಲೆ ಹಾಗೇ ಉಳಿಯಿತು.

"ಡಾಕ್ಟರ್ ಬಾಯಿ," ಎಂದರು ಶಿರಸ್ತೇದಾರರು, ಆ ದನಿಯನ್ನು ನಾನು ಅವರಿಂದ ಮೊದಲು ಕೇಳಿರಲಿಲ್ಲ, "ಆ ಗಾಡಿ ಮೂಗಿನ ಮ್ಯಾಲೂ ಇಷ್ಟು ದಿನ ನಾನೇ ಬೆರಳಿಟ್ಟೀನೇನು?"

ಇಟ್ಟಿದ್ದರು. ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಸಾಹೇಬರ ಅರಗು ಅದನ್ನು ಮುಚ್ಚಿಬಿಟ್ಟಿತ್ತು. ಒಳಗೆ ಗಾಳಿಯಿಲ್ಲದೆ ಪಂಪು ಎಳೆದರೂ ಡೀಸೆಲ್ ಬಾರದು, ಗಾಡಿ ನಿಲ್ಲುವುದು. ಒಂದು ಚಹಾದ ಹೊತ್ತಿನಲ್ಲಿ ಅಲ್ಲಿ ಇಲ್ಲಿ ಸಂದಿಯಿಂದ ಅಷ್ಟಿಷ್ಟು ಗಾಳಿ ನುಸುಳಿ, ಮತ್ತೆ ಚಾಲೂ. ಟ್ಯಾಂಕು ತುಂಬಿದ್ದರೆ ಒಳಗೆ ಗಾಳಿಗೆ ಜಾಗವೇ ಕಡಿಮೆ, ಹೀಗಾಗಿ ಬೇಗ ನಿಲ್ಲುತ್ತಿತ್ತು. ಟ್ಯಾಂಕು ತಗ್ಗಾದದ್ದು ಕಲ್ಲಿಗೆ ಬಡಿದಲ್ಲ, ಪಂಪು ಒಳಕ್ಕೆ ಜಗ್ಗಿದ್ದಕ್ಕೆ. ಗ್ಯಾರೇಜಿಗೆ ಹೋಗುವಾಗ ನಿಯಮದ ಪ್ರಕಾರ ಸೀಲ್ ಒಡೆಯುತ್ತಿದ್ದೆವು; ಅಂದರೆ ರೋಗವನ್ನು ಮನೆಯಲ್ಲಿಟ್ಟು ರೋಗಿಯನ್ನು ಮಾತ್ರ ವೈದ್ಯರ ಹತ್ತಿರ ಕಳಿಸುತ್ತಿದ್ದೆವು.

ಬಾಟಲಿ ಮುಗಿಯುವ ಹೊತ್ತಿಗೆ ಎಮ್ಮೆಯ ಮೈ ನಡುಗಿತು, ದೊಡ್ಡದಾಗಿ ತೇಗಿತು, ಸಗಣಿ ಹಾಕಿತು. ಹಾಲು ಜ್ವರದಲ್ಲಿ ಆ ಸಗಣಿಗಿಂತ ಶುಭಶಕುನ ಇನ್ನೊಂದಿಲ್ಲ. ಆಮೇಲೆ ಹಿಂಗಾಲು ಊರಿ, ತೂಗಾಡಿ, ಎದ್ದು ನಿಂತಿತು. ಕಾಶಮ್ಮ ನಮ್ಮೆಲ್ಲರ ಕಾಲಿಗೂ ಬಿದ್ದಳು. ಬಾಟಲಿ ಹಿಡಿದದ್ದಕ್ಕೆ ಶಿರಸ್ತೇದಾರರ ಕಾಲಿಗೂ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ನನ್ನ ಕಾಲು ಬ್ಯಾಡವ್ವ, ಇವತ್ತು ಬ್ಯಾಡ" ಎಂದರು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಭೆಯಲ್ಲಿ ಶಿರಸ್ತೇದಾರರು ತಾವೇ ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದರು, ಹಾವಿನ ಭಾಗವೊಂದನ್ನು ಬಿಟ್ಟು. ವ್ಯಾನ್ ಉಳಿಯಿತು, ಝರಣಪ್ಪನೂ ಉಳಿದ. ಹಾಗೆಂದು ಸೀಲ್ ಹೋಯಿತೆಂದು ತಿಳಿಯಬೇಡಿ. ಸೀಲ್ ಹಾಕಬಾರದೆಂದು ಹೇಳುವ ಎದೆಗಾರಿಕೆ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಅರಗು ಹಾಕಿ, ಅದು ಆರುವ ಮುಂಚೆ ನನ್ನ ಪೆಟ್ಟಿಗೆಯ ದಪ್ಪ ಸೂಜಿಯಿಂದ ರಂಧ್ರದ ನೇರಕ್ಕೆ ಚುಚ್ಚಬೇಕೆಂದು ಠರಾವಾಯಿತು. ನಾನು ಅಲ್ಲಿರುವವರೆಗೆ ಡೀಸೆಲ್ ತುಂಬಿಸಿದಾಗಲೆಲ್ಲ ಶಿರಸ್ತೇದಾರರು ಮುದ್ರೆ ಒತ್ತಿ, "ಹೂಂ, ಡಾಕ್ಟರ್ ಬಾಯಿ, ಸೂಜಿ ಮಾಡ್ರಿ" ಎನ್ನುತ್ತಿದ್ದರು. ನಾನು ಗಂಭೀರವಾಗಿ ಗಾಡಿಗೆ ಸೂಜಿ ಮಾಡುತ್ತಿದ್ದೆ.

ನನ್ನ ವೃತ್ತಿಗೆ ಆ ದಿನ ಕಲಿಸಿದ್ದು ಬಹಳ. ಅದಕ್ಕೂ ಮುಂಚೆ ದನ ಮಲಗಿದ ಮನೆಗೆ ಹೋದರೆ "ಏನು ತಪ್ಪು ಮಾಡೀರಿ?" ಎಂದು ಗದರಿಸಿ ಕೇಳುತ್ತಿದ್ದೆ. ಯಾರೂ ಹೇಳುತ್ತಿರಲಿಲ್ಲ. ಮುಚ್ಚಿಟ್ಟರೆಂದಲ್ಲ, ಅವರ ಪ್ರಕಾರ ತಪ್ಪೇ ಆಗಿರುತ್ತಿರಲಿಲ್ಲ. ಮದುವೆಯ ಮನೆಯ ಹುಗ್ಗಿಯನ್ನು ಬುಟ್ಟಿಗಟ್ಟಲೆ ತಿನ್ನಿಸಿ ಹೊಟ್ಟೆ ಉಬ್ಬಿಸಿದವಳು ಅದನ್ನು ಪ್ರೀತಿಯಿಂದ ತಿನ್ನಿಸಿರುತ್ತಾಳೆ. ಗಾಡಿಗೆ ಏನಾಗಿದೆ ಎಂದು ಉಸ್ತಾದ್ ಕೇಳಿದಾಗಲೆಲ್ಲ ನಾವು ಕ್ಲಚ್ಚಿನ ಕತೆ ಹೇಳಿದೆವು, ಚಹಾದ ಕತೆ ಹೇಳಿದೆವು; ಕಣ್ಣೆದುರೇ ಒಡೆದ ಅರಗನ್ನು ಯಾರೂ ಆ ಲೆಕ್ಕಕ್ಕೆ ಸೇರಿಸಲಿಲ್ಲ, ಯಾಕೆಂದರೆ ಅದು ಕಾಳಜಿಯ ಪಟ್ಟಿಯಲ್ಲಿತ್ತು. ಅಂದಿನಿಂದ ನಿವೃತ್ತಳಾಗುವವರೆಗೆ ಹೋದಲ್ಲೆಲ್ಲ ನನ್ನ ಮೊದಲ ಪ್ರಶ್ನೆ ಬದಲಾಯಿತು. "ಇತ್ತಿತ್ಲಾಗ ಇದಕ್ಕ ಹೊಸದಾಗಿ ಏನು ಉಪಚಾರ ಮಾಡೀರಿ?" ಉತ್ತರ ಹೆಚ್ಚುಕಡಿಮೆ ಯಾವಾಗಲೂ ಸಿಕ್ಕಿತು.

ಆದರೆ ಆ ದಿನದ ವಾಪಸು ದಾರಿ ಇನ್ನೂ ಉಳಿದಿದೆ. ಕಲ್ಯಾಣದಿಂದ ಹೊರಟು ಹೆದ್ದಾರಿಗೆ ಬಂದೆವು. ಝರಣಪ್ಪ ಕೊರಳು ಉಬ್ಬಿಸಿಕೊಂಡು ಓಡಿಸುತ್ತಿದ್ದ. ಅವನಿಗೆ ಹೇಳುವುದು ಬಹಳ ಇತ್ತು, ಆದರೆ ಮರ್ಯಾದೆಯ ಮನುಷ್ಯ, ಹೇಳಲಿಲ್ಲ. ದೂರದಲ್ಲಿ ಶಂಕ್ರೆಪ್ಪನ ಹೊಟೇಲು ಕಂಡಿತು. ಅವನು ಎಂದಿನಂತೆ ರಸ್ತೆಯ ಅಂಚಿಗೆ ಬಂದು ನಿಂತಿದ್ದ. ಗಾಡಿ ಜಗ್ಗಲಿಲ್ಲ, ನರಳಲಿಲ್ಲ, ಸರಾಗವಾಗಿ ಅವನ ಮುಂದೆ ಹಾದುಹೋಗುವುದರಲ್ಲಿತ್ತು. ಶಂಕ್ರೆಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು.

"ನಿಲ್ಲಸು" ಎಂದರು ಶಿರಸ್ತೇದಾರರು.

ಆ ಜಾಗದಲ್ಲಿ ಝರಣಪ್ಪ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ್ದು ಅದೇ ಮೊದಲು.

ಸಾಹೇಬರು ಇಳಿದು ಹೋಗಿ, ಶಂಕ್ರೆಪ್ಪನ ಕೈಯಿಂದ ಕಪ್ಪನ್ನೂ ಬಶಿಯನ್ನೂ ತಾವೇ ತೆಗೆದುಕೊಂಡು, ಧೋತರದ ಮೇಲೆ ಚೆಲ್ಲಿಕೊಳ್ಳುತ್ತ ಡ್ರೈವರಿನ ಕಿಟಕಿಯ ಹತ್ತಿರ ಬಂದರು. ಚಹಾವನ್ನು ಬಶಿಗೆ ಸುರಿದು ಹಿಡಿದರು.

"ಕುಡಿ, ಝರಣಪ್ಪಾ" ಎಂದರು. "ಇವತ್ತು ಗಾಡಿ ನಾ ನಿಲ್ಲಸೀನಿ."